ಡೇಟಾಬೇಸ್ ನಿಂತುಹೋಗಿದೆಯೇ? ಒಳಗೆ ಯಾರಿದ್ದಾರೆ, ಮೊದಲು ನೋಡಿ

ಆಪ್ ತೆರೆಯುತ್ತಿಲ್ಲ. ಪರದೆ ಮೇಲೆ ಚಕ್ರ ಸುತ್ತುತ್ತಲೇ ಇದೆ. ಸರ್ವರ್ ನೋಡಿದರೆ ಸಿಪಿಯು ಹಾಯಾಗಿದೆ, ಡಿಸ್ಕ್‌ಗೂ ಅಂಥ ಕೆಲಸವಿಲ್ಲ. ಇಂಥ ಹೊತ್ತಲ್ಲಿ ಕೈ ತಾನಾಗಿಯೇ ರೀಸ್ಟಾರ್ಟ್ ಕಡೆಗೆ ಹೋಗುತ್ತದೆ. ಸ್ವಲ್ಪ ತಡೆಯಿರಿ. ರೀಸ್ಟಾರ್ಟ್ ಮಾಡಿದರೆ ತೊಂದರೆ ಹೋಗಬಹುದು, ಆದರೆ ಯಾರಿಂದ ಹಾಗಾಯಿತು ಅನ್ನುವ ಸುಳಿವೂ ಅದರ ಜೊತೆಗೇ ಹೋಗುತ್ತದೆ. ನಾಳೆ ಮತ್ತೆ ಅದೇ ಕಥೆ.

ಅದರ ಬದಲು ಡೇಟಾಬೇಸನ್ನೇ ಕೇಳಿ: ಈಗ ಒಳಗೆ ಯಾರ್ಯಾರಿದ್ದಾರೆ, ಏನು ಮಾಡುತ್ತಿದ್ದಾರೆ? ಪ್ರೋಗ್ರಾಂ ಒಂದು ಲಾಗಿನ್ ಆದಾಗಿನಿಂದ ಹೊರಗೆ ಹೋಗುವವರೆಗಿನ ಅವಧಿಯೇ ಸೆಷನ್. ಒಬ್ಬನೇ ಬಳಕೆದಾರನ ಹೆಸರಲ್ಲಿ ನೂರು ಸೆಷನ್ ಇರಬಹುದು. ಕನೆಕ್ಷನ್ ಪೂಲ್ ಬಳಸುವ ಆಪ್‌ಗಳು ಕೆಲಸ ಇರಲಿ ಬಿಡಲಿ, ಒಂದಷ್ಟು ಸೆಷನ್‌ಗಳನ್ನು ತೆರೆದೇ ಇಟ್ಟಿರುತ್ತವೆ. ಹಾಗಾಗಿ ಸೆಷನ್ ಸಂಖ್ಯೆ ನೋಡಿ ಗಾಬರಿಯಾಗಬೇಡಿ. ಯಾವ ಸೆಷನ್ ಯಾವ ಸ್ಥಿತಿಯಲ್ಲಿದೆ ಅನ್ನುವುದು ಮುಖ್ಯ.

ಉದಾಹರಣೆಗಳಿಗೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಹಿಡಿದಿದ್ದೇನೆ, ಬೇರೆಯವುಗಳ ಮಾತು ಆಮೇಲೆ. ಆದೇಶಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲಿ ಬರೆದಿದ್ದೇನೆ. ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳನ್ನೇ ಹಾಕಬೇಕು.

ಮೊದಲು ಕೀಲಿ ಕೈಯಲ್ಲಿರಲಿ

ಸಾಮಾನ್ಯ ಬಳಕೆದಾರನಾಗಿ ಒಳಗೆ ಹೋದರೆ ಬೇರೆಯವರ ಕ್ವೆರಿ, ಅಂದರೆ ಅವರು ಡೇಟಾಬೇಸ್‌ಗೆ ಕೊಟ್ಟ ಆದೇಶ, ಕಾಣಿಸುವುದಿಲ್ಲ. ಪೋಸ್ಟ್‌ಗ್ರೆಸ್ 10ರಿಂದ ಈಚೆಗೆ ಪಿಜಿ_ಮಾನಿಟರ್ ಎಂಬ ರೋಲ್ (ಅನುಮತಿಗಳ ಕಟ್ಟು) ಇದೆ. ಅದನ್ನು ಕೊಟ್ಟರೆ ಎಲ್ಲರ ಕ್ವೆರಿಯನ್ನೂ ನೋಡಬಹುದು, ಎಲ್ಲ ಅಧಿಕಾರವಿರುವ ಸೂಪರ್‌ಯೂಸರ್ ಆಗಬೇಕಿಲ್ಲ. ಮೈಎಸ್‌ಕ್ಯುಎಲ್‌ನಲ್ಲಿ ಪ್ರೊಸೆಸ್ ಎಂಬ ಅನುಮತಿ ಬೇಕು, ಎಸ್‌ಕ್ಯುಎಲ್ ಸರ್ವರ್‌ನಲ್ಲಿ ವ್ಯೂ ಸರ್ವರ್ ಸ್ಟೇಟ್. ಇದನ್ನೆಲ್ಲ ಗಲಾಟೆ ಇಲ್ಲದ ದಿನವೇ ಮಾಡಿಟ್ಟುಕೊಳ್ಳಿ.

ಒಳಗೆ ಹೋಗಲು ಜಾಗವೂ ಬೇಕು, ಅಲ್ವಾ? ಪೋಸ್ಟ್‌ಗ್ರೆಸ್‌ನಲ್ಲಿ ನೀವು ಬದಲಿಸದಿದ್ದರೆ ಒಟ್ಟು 100 ಕನೆಕ್ಷನ್. ಅದರಲ್ಲಿ 3 ಸೂಪರ್‌ಯೂಸರ್‌ಗೆ ಮೀಸಲು. ಮೈಎಸ್‌ಕ್ಯುಎಲ್‌ನಲ್ಲಿ 151, ಮೇಲೊಂದು ಅಡ್ಮಿನ್‌ಗೆ. ನಿಮ್ಮ ಆಪ್ ಸೂಪರ್‌ಯೂಸರ್ ಹೆಸರಲ್ಲೇ ಲಾಗಿನ್ ಆಗುತ್ತಿದ್ದರೆ ಆ ಮೀಸಲು ಸೀಟುಗಳನ್ನೂ ಅದೇ ತುಂಬಿಬಿಡುತ್ತದೆ. ಆಮೇಲೆ ನೀವು ಬಾಗಿಲ ಹೊರಗೆ.

ಎಣಿಕೆ

ಸೆಲೆಕ್ಟ್ ಸ್ಟೇಟ್, ಕೌಂಟ್(*) ಫ್ರಮ್ ಪಿಜಿ_ಸ್ಟಾಟ್_ಆಕ್ಟಿವಿಟಿ ವೇರ್ ಬ್ಯಾಕೆಂಡ್_ಟೈಪ್ = 'ಕ್ಲೈಂಟ್ ಬ್ಯಾಕೆಂಡ್' ಗ್ರೂಪ್ ಬೈ ಸ್ಟೇಟ್;

ಪಿಜಿ_ಸ್ಟಾಟ್_ಆಕ್ಟಿವಿಟಿ ಎಂಬುದು ಪ್ರತಿ ಸೆಷನ್‌ಗೂ ಒಂದು ಸಾಲು ತೋರಿಸುವ ವ್ಯೂ, ಅಂದರೆ ಟೇಬಲ್‌ನಂತೆ ಓದಬಹುದಾದ ಪಟ್ಟಿ. ನಡುವಿನ ವೇರ್ ಏಕೆಂದರೆ, ಅದಿಲ್ಲದಿದ್ದರೆ ಡೇಟಾಬೇಸ್‌ನ ಸ್ವಂತ ಹಿನ್ನೆಲೆ ಪ್ರೊಸೆಸ್‌ಗಳೂ ಲೆಕ್ಕಕ್ಕೆ ಬರುತ್ತವೆ. ಉತ್ತರದಲ್ಲಿ ಮುಖ್ಯವಾಗಿ ಮೂರು ಹೆಸರು ಕಾಣುತ್ತವೆ. ಆಕ್ಟಿವ್ ಅಂದರೆ ಕ್ವೆರಿ ನಡೆಯುತ್ತಿದೆ. ಐಡಲ್ ಅಂದರೆ ಸುಮ್ನೆ ಕೂತಿದೆ, ಯಾರಿಗೂ ತೊಂದರೆಯಿಲ್ಲ. ಮೂರನೆಯದು ಐಡಲ್ ಇನ್ ಟ್ರಾನ್ಸಾಕ್ಷನ್. ಇದು ಕಂಡರೆ ಅಲ್ಲೇ ನಿಲ್ಲಿ.

ಟ್ರಾನ್ಸಾಕ್ಷನ್ ಅಂದರೆ ಬಿಗಿನ್‌ನಿಂದ ಕಮಿಟ್‌ವರೆಗಿನ, ಒಟ್ಟಿಗೇ ಪಕ್ಕಾ ಆಗುವ ಕೆಲಸಗಳ ಗುಂಪು. ಇದು ಆಗುವುದು ಹೀಗೆ. ಆಪ್ ಬಿಗಿನ್ ಎಂದಿತು. ಟೇಬಲ್‌ನ ಒಂದು ಸಾಲನ್ನು ಅಪ್‌ಡೇಟ್ ಮಾಡಿತು. ಕಮಿಟ್ ಮಾಡುವ ಮುಂಚೆ ಬೇರೆ ಯಾವುದೋ ಸೇವೆಯನ್ನು ಕರೆದು ಅದರ ಉತ್ತರಕ್ಕೆ ಕಾಯುತ್ತಾ ಕೂತಿತು. ಅಥವಾ ಯಾರೋ ಕೈಯಾರೆ ಅಪ್‌ಡೇಟ್ ಬರೆದು, ಕಮಿಟ್ ಮರೆತು, ಸೀಟು ಬಿಟ್ಟು ಎದ್ದುಹೋದರು. ಡೇಟಾಬೇಸ್ ಕಣ್ಣಿಗೆ ಈ ಸೆಷನ್ ಏನೂ ಮಾಡುತ್ತಿಲ್ಲ, ಸಿಪಿಯು ಬಳಕೆ ಸೊನ್ನೆ. ಆದರೆ ಆ ಸಾಲಿನ ಬೀಗ (ಲಾಕ್) ಇನ್ನೂ ಅದರ ಜೇಬಲ್ಲೇ ಇದೆ. ಅದೇ ಸಾಲು ಬೇಕಾದವರೆಲ್ಲ ಹಿಂದೆ ಕಾಯುತ್ತಾರೆ. ಸಾಲದ್ದಕ್ಕೆ, ಈ ಟ್ರಾನ್ಸಾಕ್ಷನ್ ತೆರೆದಿರುವಷ್ಟು ಹೊತ್ತು ಅದು ಶುರುವಾದ ಮೇಲೆ ಸತ್ತ, ಅಂದರೆ ಬದಲಾದ ಅಥವಾ ಅಳಿಸಿದ, ಹಳೆಯ ಸಾಲುಗಳನ್ನು ಪೋಸ್ಟ್‌ಗ್ರೆಸ್‌ನ ಕಸಬರಿಗೆಯಾದ ವ್ಯಾಕ್ಯೂಮ್ ಗುಡಿಸಲಾರದು. ಟೇಬಲ್ ಊದುತ್ತಾ ಹೋಗುತ್ತದೆ. ಸಿಪಿಯು ಗ್ರಾಫ್ ನೋಡುತ್ತಾ ಕೂತವರಿಗೆ ಇದ್ಯಾವುದೂ ಕಾಣುವುದಿಲ್ಲ.

ವಯಸ್ಸು ಕೇಳಿ

ಈಗ ಒಬ್ಬೊಬ್ಬರನ್ನೇ ನೋಡೋಣ.

ಸೆಲೆಕ್ಟ್ ಪಿಐಡಿ, ಯೂಸ್‌ನೇಮ್, ಅಪ್ಲಿಕೇಶನ್_ನೇಮ್, ಕ್ಲೈಂಟ್_ಅಡ್ರ್, ಸ್ಟೇಟ್, ನೌ() - ಎಕ್ಸಾಕ್ಟ್_ಸ್ಟಾರ್ಟ್, ವೇಟ್_ಇವೆಂಟ್_ಟೈಪ್, ಕ್ವೆರಿ ಫ್ರಮ್ ಪಿಜಿ_ಸ್ಟಾಟ್_ಆಕ್ಟಿವಿಟಿ ವೇರ್ ಸ್ಟೇಟ್ <> 'ಐಡಲ್' ಆರ್ಡರ್ ಬೈ ಎಕ್ಸಾಕ್ಟ್_ಸ್ಟಾರ್ಟ್;

ಯೂಸ್‌ನೇಮ್ ಎಂಬುದು ಅಚ್ಚುತಪ್ಪಲ್ಲ. ಆ ಕಾಲಮ್ ಹೆಸರಲ್ಲಿ ಆರ್ ಅಕ್ಷರವೇ ಇಲ್ಲ. ಅದನ್ನು ಸೇರಿಸಿ ಟೈಪ್ ಮಾಡಿ ಎರರ್ ತಿನ್ನದವರು ಕಡಿಮೆ. ಎಕ್ಸಾಕ್ಟ್ ಎಂಬುದನ್ನು xact ಎಂದೇ ಟೈಪ್ ಮಾಡಿ. ಪಿಐಡಿ ಅಂದರೆ ಆ ಸೆಷನ್ ನಡೆಸುವ ಪ್ರೊಸೆಸ್‌ನ ಸಂಖ್ಯೆ.

ಈ ವ್ಯೂನಲ್ಲಿರುವ ಗಡಿಯಾರಗಳಲ್ಲಿ ಮೂರು ಮುಖ್ಯ. ಬ್ಯಾಕೆಂಡ್_ಸ್ಟಾರ್ಟ್ ಅಂದರೆ ಸೆಷನ್ ಹುಟ್ಟಿದ ಹೊತ್ತು. ಅದು ಎರಡು ದಿನ ಹಳೆಯದಾದರೂ ಚಿಂತೆಯಿಲ್ಲ, ಪೂಲ್ ಇರುವ ಕಡೆ ಅದು ಮಾಮೂಲಿ. ಕ್ವೆರಿ_ಸ್ಟಾರ್ಟ್ ಅಂದರೆ ಈಗಿನ ಅಥವಾ ಕೊನೆಯ ಕ್ವೆರಿ ಶುರುವಾದ ಹೊತ್ತು. ನಾನು ಮೊದಲು ನೋಡುವುದು ಎಕ್ಸಾಕ್ಟ್_ಸ್ಟಾರ್ಟ್, ಅಂದರೆ ಟ್ರಾನ್ಸಾಕ್ಷನ್ ಶುರುವಾದ ಹೊತ್ತು. ಬೀಗ ಹಿಡಿದವರ ವಯಸ್ಸು ಇಲ್ಲೇ ಗೊತ್ತಾಗುವುದು.

ಕ್ವೆರಿ ಕಾಲಮ್ ಓದುವಾಗ ಹುಷಾರು. ಸ್ಟೇಟ್ ಆಕ್ಟಿವ್ ಆಗಿದ್ದರೆ ಮಾತ್ರ ಅದು ಈಗ ನಡೆಯುತ್ತಿರುವ ಕ್ವೆರಿ. ಇಲ್ಲದಿದ್ದರೆ ಅದು ಆಗಲೇ ಮುಗಿದುಹೋದ ಕೊನೆಯ ಕ್ವೆರಿ. ಐಡಲ್ ಇನ್ ಟ್ರಾನ್ಸಾಕ್ಷನ್ ಸೆಷನ್‌ನ ಎದುರು ಒಂದು ಪಾಪದ ಸೆಲೆಕ್ಟ್ ಕಾಣಬಹುದು. ಬೀಗ ಹಾಕಿದ ಅಪ್‌ಡೇಟ್ ಅದಕ್ಕೂ ಹಿಂದೆ ಹೋಗಿರುತ್ತದೆ. ಉದ್ದದ ಕ್ವೆರಿ ಅರ್ಧಕ್ಕೇ ನಿಂತಂತೆ ಕಂಡರೆ ಅದಕ್ಕೂ ಕಾರಣವಿದೆ: ಹೊಂದಿಕೆ ಬದಲಿಸದಿದ್ದರೆ 1024 ಬೈಟ್ ಮಾತ್ರ ಇಟ್ಟುಕೊಳ್ಳುತ್ತದೆ.

ಆಕ್ಟಿವ್ ಎಂದು ಬರೆದಿದ್ದ ಮಾತ್ರಕ್ಕೆ ದುಡಿಯುತ್ತಿದೆ ಅಂತಲೂ ಅಲ್ಲ. ಪಕ್ಕದ ವೇಟ್_ಇವೆಂಟ್_ಟೈಪ್ ನೋಡಿ. ಖಾಲಿ ಇದ್ದರೆ ಯಾವುದಕ್ಕೂ ಕಾಯುತ್ತಿಲ್ಲ. ಐಓ ಎಂದಿದ್ದರೆ ಡಿಸ್ಕ್‌ಗೆ ಕಾಯುತ್ತಿದೆ. ಲಾಕ್ ಎಂದಿದ್ದರೆ ಇನ್ನೊಬ್ಬರ ಬೀಗಕ್ಕೆ ಕಾಯುತ್ತಿದೆ.

ಸರತಿಯ ತುದಿಯಲ್ಲಿ ಯಾರು?

ಲಾಕ್ ಕಾಯುತ್ತಿರುವ ಸೆಷನ್ ನಲವತ್ತಿವೆ ಎಂದುಕೊಳ್ಳಿ. ನಲವತ್ತನ್ನೂ ಕೊಲ್ಲುವುದು ದಡ್ಡತನ. ಅವು ತೊಂದರೆಗೆ ಸಿಕ್ಕಿಬಿದ್ದವು, ತೊಂದರೆ ಕೊಟ್ಟವಲ್ಲ. ಪೋಸ್ಟ್‌ಗ್ರೆಸ್ 9.6ರಿಂದ ಇದಕ್ಕೊಂದು ಒಳ್ಳೆಯ ಫಂಕ್ಷನ್ ಇದೆ: ಪಿಜಿ_ಬ್ಲಾಕಿಂಗ್_ಪಿಐಡಿಸ್(ಪಿಐಡಿ). ಇದು ಈ ಸೆಷನ್‌ಗೆ ಅಡ್ಡ ಇರುವವರು ಯಾರು ಎಂದು ಹೇಳುತ್ತದೆ. ಮೊದಲನೆಯದು ಎರಡನೆಯದಕ್ಕೆ ಕಾಯುತ್ತಿದೆ, ಎರಡನೆಯದು ಮೂರನೆಯದಕ್ಕೆ. ಹೀಗೇ ಹಿಡಿದುಕೊಂಡು ಹೋಗಿ. ಯಾರಿಗೂ ಕಾಯದೆ, ಬೇರೆಯವರನ್ನು ಮಾತ್ರ ಕಾಯಿಸುತ್ತಿರುವ ಒಂದು ಸಿಗುತ್ತದೆ. ಅದರ ಸ್ಟೇಟ್ ನೋಡಿದರೆ ಎಷ್ಟೋ ಸಲ ಐಡಲ್ ಇನ್ ಟ್ರಾನ್ಸಾಕ್ಷನ್ ಆಗಿರುತ್ತದೆ.

ಇನ್ನೊಂದು ತಮಾಷೆಯ ಸಂದರ್ಭವಿದೆ, ಆದಾಗ ಮಾತ್ರ ನಗು ಬರುವುದಿಲ್ಲ. ಯಾರೋ ಒಂದು ಉದ್ದದ ರಿಪೋರ್ಟ್ ಓಡಿಸುತ್ತಿದ್ದಾರೆ, ಬರೀ ಸೆಲೆಕ್ಟ್, ಅಂದರೆ ಓದುವುದು ಮಾತ್ರ. ಅದೇ ಟೇಬಲ್‌ಗೆ ಇನ್ಯಾರೋ ಆಲ್ಟರ್ ಟೇಬಲ್ (ಟೇಬಲ್‌ನ ರಚನೆ ಬದಲಿಸುವ ಆದೇಶ) ಕೊಟ್ಟರು. ಆಲ್ಟರ್‌ಗೆ ಸಾಮಾನ್ಯವಾಗಿ ಇಡೀ ಟೇಬಲ್ ಮೇಲೆ ಒಂಟಿ ಹಕ್ಕು ಬೇಕು, ಹಾಗಾಗಿ ಅದು ಕಾಯುತ್ತದೆ. ಅದರ ಹಿಂದೆ ಬಂದ ಸಣ್ಣ ಸಣ್ಣ ಸೆಲೆಕ್ಟ್‌ಗಳೂ ಸರತಿ ಮುರಿಯುವಂತಿಲ್ಲ. ಓದುವವರು ಓದುವವರಿಗೆ ಅಡ್ಡ ಬರುವುದಿಲ್ಲ ಎಂದು ನಂಬಿದವರು ಇಲ್ಲಿ ತಲೆ ಕೆರೆದುಕೊಳ್ಳುತ್ತಾರೆ. ಆಲ್ಟರ್ ಕೊಡುವ ಮುಂಚೆ ಲಾಕ್_ಟೈಮೌಟ್ ಅನ್ನು ಎರಡು ಮೂರು ಸೆಕೆಂಡಿಗೆ ಇಟ್ಟರೆ ಸಾಕು. ಬೀಗ ಸಿಗದಿದ್ದರೆ ಅದೇ ಹಿಂದೆ ಸರಿಯುತ್ತದೆ, ನೀವು ಆಮೇಲೆ ಮತ್ತೆ ಪ್ರಯತ್ನಿಸಬಹುದು.

ಎಬ್ಬಿಸುವುದು ಹೇಗೆ?

ಪಿಜಿ_ಕ್ಯಾನ್ಸಲ್_ಬ್ಯಾಕೆಂಡ್(ಪಿಐಡಿ) ನಡೆಯುತ್ತಿರುವ ಕ್ವೆರಿಯನ್ನು ಮಾತ್ರ ನಿಲ್ಲಿಸುತ್ತದೆ. ಐಡಲ್ ಇನ್ ಟ್ರಾನ್ಸಾಕ್ಷನ್ ಸೆಷನ್‌ನಲ್ಲಿ ನಿಲ್ಲಿಸಲು ಕ್ವೆರಿಯೇ ಇಲ್ಲ, ಹಾಗಾಗಿ ಅಲ್ಲಿ ಇದು ಉಪಯೋಗಕ್ಕೆ ಬಾರದು. ಅದಕ್ಕೆ ಪಿಜಿ_ಟರ್ಮಿನೇಟ್_ಬ್ಯಾಕೆಂಡ್(ಪಿಐಡಿ), ಇದು ಸೆಷನ್ನನ್ನೇ ಮುಗಿಸುತ್ತದೆ. ಆಪರೇಟಿಂಗ್ ಸಿಸ್ಟಂಗೆ ಹೋಗಿ ಕಿಲ್ -9 ಮಾತ್ರ ಹೊಡೆಯಬೇಡಿ. ಒಂದು ಪ್ರೊಸೆಸ್ ಹಾಗೆ ಸತ್ತರೆ ಪೋಸ್ಟ್‌ಗ್ರೆಸ್ ಅದನ್ನು ಕ್ರ್ಯಾಶ್ ಎಂದೇ ತಿಳಿಯುತ್ತದೆ. ಉಳಿದ ಸೆಷನ್‌ಗಳನ್ನೆಲ್ಲ ಹೊರಗೆ ಹಾಕಿ ರಿಕವರಿ ಶುರುಮಾಡುತ್ತದೆ.

ಕೊಲ್ಲುವ ಮುಂಚೆ ಅದು ಎಷ್ಟು ಬರೆದಿದೆ ಎಂದೂ ನೋಡಿ. ಒಮ್ಮೆ ನಾನು ಮೈಎಸ್‌ಕ್ಯುಎಲ್‌ನಲ್ಲಿ ಗಂಟೆಗಟ್ಟಲೆ ಓಡುತ್ತಿದ್ದ ಒಂದು ಅಪ್‌ಡೇಟನ್ನು, ಇದೇ ಕಳ್ಳ ಎಂದು, ಕಿಲ್ ಮಾಡಿದೆ. ಪಟ್ಟಿಯಲ್ಲಿ ಕಿಲ್ಡ್ ಎಂದು ಬಂತು. ಸೆಷನ್ ಮಾತ್ರ ಹೋಗಲಿಲ್ಲ. ಮಾಡಿದ್ದನ್ನೆಲ್ಲ ಸಾಲು ಸಾಲಾಗಿ ವಾಪಸ್ ಮಾಡುತ್ತಾ ಕೂತಿತ್ತು, ಬೀಗಗಳೂ ಅಷ್ಟು ಹೊತ್ತು ಹಾಗೇ ಇದ್ದವು. ಅಲ್ಲಿ ರೀಸ್ಟಾರ್ಟ್ ಮಾಡಿದರೂ ತಪ್ಪಿಸಿಕೊಳ್ಳಲಾಗದು, ಎದ್ದ ಮೇಲೆ ರೋಲ್‌ಬ್ಯಾಕ್ ಮುಂದುವರಿಯುತ್ತದೆ. ಸುಮ್ನೆ ಬಿಟ್ಟಿದ್ದರೆ ಬೇಗ ಮುಗಿಯುತ್ತಿತ್ತೇನೋ. ಇನ್‌ಫರ್ಮೇಶನ್_ಸ್ಕೀಮಾ.ಇನ್ನೊಡಿಬಿ_ಟಿಆರ್‌ಎಕ್ಸ್ ಟೇಬಲ್‌ನಲ್ಲಿ ಒಂದು ಟ್ರಾನ್ಸಾಕ್ಷನ್ ಎಷ್ಟು ಸಾಲು ಬದಲಿಸಿದೆ ಎಂದು ಬರೆದಿರುತ್ತದೆ. ಆ ದಿನ ನಾನು ಅದನ್ನು ನೋಡಿರಲಿಲ್ಲ.

ಬೇರೆ ಡೇಟಾಬೇಸ್‌ಗಳಲ್ಲಿ

ಮೈಎಸ್‌ಕ್ಯುಎಲ್‌ನಲ್ಲಿ ಶೋ ಫುಲ್ ಪ್ರೊಸೆಸ್‌ಲಿಸ್ಟ್. ಫುಲ್ ಬಿಟ್ಟರೆ ಕ್ವೆರಿಯ ಮೊದಲ 100 ಅಕ್ಷರ ಮಾತ್ರ ಸಿಗುತ್ತದೆ. ಇಲ್ಲಿ ಟ್ರಾನ್ಸಾಕ್ಷನ್ ತೆರೆದಿಟ್ಟು ಕೂತವರೂ, ನಿಜವಾಗಿ ಸುಮ್ಮನಿರುವವರೂ ಒಂದೇ ಹೆಸರಲ್ಲಿ ಕಾಣುತ್ತಾರೆ, ಸ್ಲೀಪ್ ಎಂದು. ಬೇರ್ಪಡಿಸಲು ಮೇಲೆ ಹೇಳಿದ ಇನ್ನೊಡಿಬಿ_ಟಿಆರ್‌ಎಕ್ಸ್ ಟೇಬಲ್ ಬೇಕೇ ಬೇಕು. ಯಾರು ಯಾರಿಗೆ ಅಡ್ಡ ಎಂಬುದಕ್ಕೆ ಸಿಸ್.ಇನ್ನೊಡಿಬಿ_ಲಾಕ್_ವೇಟ್ಸ್ ಇದೆ.

ಎಸ್‌ಕ್ಯುಎಲ್ ಸರ್ವರ್‌ನಲ್ಲಿ ಸಿಸ್.ಡಿಎಂ_ಎಕ್ಸೆಕ್_ಸೆಷನ್ಸ್ ಎಲ್ಲ ಸೆಷನ್‌ಗಳನ್ನೂ ತೋರಿಸುತ್ತದೆ, ಸಿಸ್.ಡಿಎಂ_ಎಕ್ಸೆಕ್_ರಿಕ್ವೆಸ್ಟ್ಸ್ ಕೆಲಸ ನಡೆಯುತ್ತಿರುವವನ್ನು ಮಾತ್ರ. ಎರಡನೆಯದರಲ್ಲಿ ಬ್ಲಾಕಿಂಗ್_ಸೆಷನ್_ಐಡಿ ಕಾಲಮ್ ಇದೆ. ಆದರೆ ಅದು ತೋರಿಸುವ ಸೆಷನ್ ಮಲಗಿದ್ದರೆ ಆ ಪಟ್ಟಿಯಲ್ಲೇ ಇರುವುದಿಲ್ಲ. ಅದನ್ನು ಹುಡುಕಲು ಮೊದಲನೆಯದಕ್ಕೇ ಬರಬೇಕು. ಒರಾಕಲ್‌ನಲ್ಲಿ ವಿ$ಸೆಷನ್ ಒಂದರಲ್ಲೇ ಸ್ಟೇಟಸ್, ಬ್ಲಾಕಿಂಗ್_ಸೆಷನ್ ಎಲ್ಲ ಸಿಗುತ್ತದೆ. ಕೊಲ್ಲುವಾಗ ಎಸ್‌ಐಡಿ (ಸೆಷನ್‌ನ ಗುರುತಿನ ಸಂಖ್ಯೆ) ಜೊತೆ ಸೀರಿಯಲ್ ನಂಬರನ್ನೂ ಕೊಡಬೇಕು. ಎಸ್‌ಐಡಿಗಳು ಮರುಬಳಕೆ ಆಗುವುದರಿಂದ ಆ ನಂಬರಿಲ್ಲದಿದ್ದರೆ ಹೊಸದಾಗಿ ಬಂದ ಯಾರಿಗೋ ಏಟು ಬೀಳಬಹುದು.

ದಿನವೂ ಕಾವಲು

ಇಲ್ಲಿವರೆಗೆ ಮಾಡಿದ್ದು ಒಂದು ಕ್ಷಣದ ಫೋಟೊ. ರಾತ್ರಿ ಎರಡು ಗಂಟೆಗೆ ಆದದ್ದು ಬೆಳಗ್ಗೆ ಕಾಣುವುದಿಲ್ಲ. ಅದಕ್ಕೆ ಮೇಲಿನ ಎರಡನೇ ಕ್ವೆರಿಯನ್ನು ಹತ್ತು ಸೆಕೆಂಡಿಗೊಮ್ಮೆ ಓಡಿಸಿ, ಹೊತ್ತು ಸೇರಿಸಿ, ಒಂದು ಟೇಬಲ್‌ಗೆ ಹಾಕಿಡಿ. ಐಡಲ್ ಸೆಷನ್ ಬಿಟ್ಟಿರುವುದರಿಂದ ಜಾಸ್ತಿ ಜಾಗ ತಿನ್ನುವುದಿಲ್ಲ. ಹಳೆಯದನ್ನು ಅಳಿಸುವ ವ್ಯವಸ್ಥೆ ಮರೆಯಬೇಡಿ. ಒರಾಕಲ್ ಇದೇ ಕೆಲಸವನ್ನು ಸೆಕೆಂಡಿಗೊಮ್ಮೆ ತಾನೇ ಮಾಡುತ್ತದೆ, ಆದರೆ ಅದನ್ನು ನೋಡಲು ಬೇರೆ ಲೈಸೆನ್ಸ್ ಬೇಕು. ಪೋಸ್ಟ್‌ಗ್ರೆಸ್‌ನಲ್ಲಿ ಲಾಗ್_ಲಾಕ್_ವೇಟ್ಸ್ ಆನ್ ಮಾಡಿದರೆ, ಡೆಡ್‌ಲಾಕ್_ಟೈಮೌಟ್‌ನಷ್ಟು ಹೊತ್ತು, ಅಂದರೆ ಸಾಮಾನ್ಯವಾಗಿ 1 ಸೆಕೆಂಡಿಗಿಂತ ಹೆಚ್ಚು, ಬೀಗಕ್ಕೆ ಕಾದವರ ವಿವರ ಲಾಗ್‌ಗೆ ಬೀಳುತ್ತದೆ.

ಅಲಾರಂ ಯಾವುದಕ್ಕೆ ಇಡಬೇಕು? ಒಟ್ಟು ಸೆಷನ್ ಸಂಖ್ಯೆಗಿಂತ ಅತಿ ಹಳೆಯ ಟ್ರಾನ್ಸಾಕ್ಷನ್‌ನ ವಯಸ್ಸಿಗೆ ಇಡಿ ಎನ್ನುತ್ತೇನೆ ನಾನು. ಐದು ನಿಮಿಷ ದಾಟಿದರೆ ಮೆಸೇಜ್ ಬರಲಿ. ಜೊತೆಗೆ ಲಾಕ್ ಕಾಯುವವರ ಸಂಖ್ಯೆಗೂ ಒಂದು ಇರಲಿ.

ಇನ್ನು ಐಡಲ್_ಇನ್_ಟ್ರಾನ್ಸಾಕ್ಷನ್_ಸೆಷನ್_ಟೈಮೌಟ್. ಟ್ರಾನ್ಸಾಕ್ಷನ್ ತೆರೆದಿಟ್ಟು ಹೇಳಿದಷ್ಟು ಹೊತ್ತಿಗಿಂತ ಹೆಚ್ಚು ಸುಮ್ಮನೆ ಕೂತ ಸೆಷನ್ನನ್ನು ಪೋಸ್ಟ್‌ಗ್ರೆಸ್ ತಾನೇ ಮುಗಿಸುವ ಹೊಂದಿಕೆ ಇದು. ಇದೂ 9.6ರಲ್ಲಿ ಬಂದದ್ದು, ಮೊದಲಿಗೆ ಆಫ್ ಆಗಿರುತ್ತದೆ. ಸರ್ವರ್ ಪೂರ್ತಿಗೆ ಹಾಕುವ ಬದಲು ಆಲ್ಟರ್ ರೋಲ್ ಮೂಲಕ ಆಪ್ ಬಳಸುವ ರೋಲ್‌ಗೆ ಮಾತ್ರ ಹಾಕಿ. ಅದರ ಜೊತೆ ಪ್ರತಿ ಆಪ್‌ನ ಕನೆಕ್ಷನ್ ಸಾಲಲ್ಲಿ ಅಪ್ಲಿಕೇಶನ್_ನೇಮ್ ತುಂಬಿಸಿ. ನಡುವೆ ಪೂಲರ್ (ಕನೆಕ್ಷನ್ ಪೂಲ್ ನಡೆಸುವ ಪ್ರೋಗ್ರಾಂ) ಇದ್ದರೆ ಕ್ಲೈಂಟ್_ಅಡ್ರ್‌ನಲ್ಲಿ ಪೂಲರ್‌ನ ವಿಳಾಸವೇ ಬರುತ್ತದೆ, ಗುರುತು ಹಿಡಿಯಲು ಆ ಹೆಸರೇ ಗತಿ. ಲಾಗ್_ಲೈನ್_ಪ್ರಿಫಿಕ್ಸ್‌ನಲ್ಲಿ ಶೇಕಡಾ ಚಿಹ್ನೆಯ ಜೊತೆ ಎ ಅಕ್ಷರ ಸೇರಿಸಿದರೆ ಅದು ಲಾಗ್‌ನಲ್ಲೂ ಮೂಡುತ್ತದೆ. ಮುಂದಿನ ಸಲ ಟೈಮೌಟ್ ಯಾವ ಸೆಷನ್ನನ್ನು ಕತ್ತರಿಸಿತು ಎಂದು ಹುಡುಕುತ್ತಾ ಕೂರಬೇಕಿಲ್ಲ. ಆ ಸಾಲನ್ನು ಕಾಪಿ ಮಾಡಿ ಆಪ್ ಬರೆದವರಿಗೇ ಕಳಿಸಿಬಿಡಿ.