ಸ್ವಂತ ಕಟ್ಟಡವಿಲ್ಲದ ಸಭೆಯು ಮುಂದಿನ ವರ್ಷಗಳನ್ನು ಯೋಜಿಸುವ ಬಗೆ

ಬೆಂಗಳೂರಿನಂಥ ನಗರಗಳ ಹೊಸ ಬಡಾವಣೆಗಳಲ್ಲಿ ಶಾಲೆಯ ಸಭಾಂಗಣದಲ್ಲೋ ಬಾಡಿಗೆಯ ಮಹಡಿಯಲ್ಲೋ ಭಾನುವಾರದ ಆರಾಧನೆ ನಡೆಸುವ ಕನ್ನಡ ಕ್ರೈಸ್ತ ಸಭೆಗಳು ಮೊದಲು ಇತ್ಯರ್ಥ ಮಾಡಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಈ ಸ್ಥಿತಿ ನಿವೇಶನ ಸಿಗುವವರೆಗಿನ ಏರ್ಪಾಡೋ, ಸಭೆ ತಾನೇ ಆರಿಸಿಕೊಂಡ ರೀತಿಯೋ? ಉತ್ತರ ಯಾವುದೇ ಇರಲಿ, ಅದನ್ನು ಮಹಾಸಭೆಯಲ್ಲಿ ಚರ್ಚಿಸಿ, ಐದು ವರ್ಷಗಳ ಅವಧಿಯ ನಿರ್ಣಯವಾಗಿ ನಡಾವಳಿ ಪುಸ್ತಕದಲ್ಲಿ ಬರೆಯಬೇಕು. ಬರೆಯದಿದ್ದರೆ ಹಿರಿಯರಲ್ಲಿ ಕೆಲವರು ಪ್ರತಿ ಕಾಣಿಕೆಯನ್ನೂ ನಿವೇಶನದ ನಿಧಿಯೆಂದೇ ಎಣಿಸುತ್ತಾರೆ, ಉಳಿದವರು ಸಂಡೇ ಸ್ಕೂಲಿಗೂ ಕಷ್ಟದಲ್ಲಿರುವ ಕುಟುಂಬಗಳಿಗೂ ಖರ್ಚಾಗಲೆನ್ನುತ್ತಾರೆ, ಕೊನೆಗೆ ವಾರ್ಷಿಕ ಲೆಕ್ಕಪತ್ರ ಮಂಡಿಸುವ ದಿನ ಮನಸ್ತಾಪವಾಗುತ್ತದೆ.

ಮನೆಯಲ್ಲಿ ಕೂಡುವುದು ಸಭೆಗೆ ಹೊಸತಲ್ಲ. ಬೈಬಲಿನಲ್ಲಿರುವ, ರೋಮಾಪುರದವರಿಗೆ ಬರೆದ ಪತ್ರದ 16ನೆಯ ಅಧ್ಯಾಯದಲ್ಲಿ ಅಪೊಸ್ತಲ ಪೌಲನು ಪ್ರಿಸ್ಕ ಮತ್ತು ಅಕ್ವಿಲರ ಮನೆಯಲ್ಲಿ ಕೂಡುವ ಸಭೆಗೆ ವಂದನೆ ಹೇಳುತ್ತಾನೆ. ಸಿರಿಯಾದ ದೂರಾ ಯೂರೋಪಸ್‌ನಲ್ಲಿ ಉತ್ಖನನದಿಂದ ದೊರೆತ ಮೂರನೆಯ ಶತಮಾನದ ಆರಾಧನಾ ಸ್ಥಳವೂ ವಾಸದ ಮನೆಯೇ ಆಗಿತ್ತು. ಆದರೆ ಅಲ್ಲಿ ನಡುವಿನ ಗೋಡೆ ತೆಗೆದು ಕೋಣೆಯನ್ನು ದೊಡ್ಡದು ಮಾಡಿ, ದೀಕ್ಷಾಸ್ನಾನಕ್ಕೆ ತೊಟ್ಟಿ ಕಟ್ಟಿಕೊಂಡಿದ್ದರು. ಬಾಡಿಗೆದಾರರಿಗೆ ಆ ಸ್ವಾತಂತ್ರ್ಯವಿಲ್ಲದ ಕಾರಣ ಕರಾರುಪತ್ರವೇ ಅವರ ಪಾಲಿಗೆ ಗೋಡೆ, ಬಾಗಿಲು ಎಲ್ಲವೂ.

ನಮ್ಮಲ್ಲಿ ವಾಡಿಕೆಯಲ್ಲಿರುವ 11 ತಿಂಗಳ ಕರಾರು ನೋಂದಣಿಯ ಖರ್ಚನ್ನು ಉಳಿಸುತ್ತದೆ, ಭದ್ರತೆಯನ್ನು ಕೊಡುವುದಿಲ್ಲ. ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯ ಪ್ರಕಾರ ನೋಂದಾಯಿಸಲೇಬೇಕು. ಮಾಲೀಕರು ಒಪ್ಪುವುದಾದರೆ ಮೂರು ವರ್ಷಗಳ ನೋಂದಾಯಿತ ಗುತ್ತಿಗೆಗೆ ಆ ಖರ್ಚು ಮಾಡುವುದೇ ಲೇಸೆಂದು ನನ್ನ ಅಭಿಪ್ರಾಯ. ಸ್ಥಳ ಆರಾಧನೆಗೆ ಬಳಕೆಯಾಗುತ್ತದೆ ಎಂಬುದನ್ನು ಕರಾರಿನಲ್ಲಿ ಮುಚ್ಚುಮರೆಯಿಲ್ಲದೆ ಬರೆಸಬೇಕು. ಶಾಲೆಯಾದರೆ ಇನ್ನೊಂದು ತೊಡಕಿದೆ: ಭಾನುವಾರಗಳಲ್ಲಿ ನೇಮಕಾತಿ ಪರೀಕ್ಷೆಗಳು ನಡೆಯುತ್ತವೆ, ಚುನಾವಣೆ ಬಂದರೆ ಅದೇ ಕೋಣೆಗಳು ಮತಗಟ್ಟೆಗಳಾಗುತ್ತವೆ. ಅಂಥ ದಿನಗಳಿಗೆ ಎಷ್ಟು ಮುಂಚಿತವಾಗಿ ತಿಳಿಸಬೇಕು, ಆ ವಾರದ ಬಾಡಿಗೆ ಕಡಿತವಾಗುವುದೋ ಇಲ್ಲವೋ ಎಂಬುದೂ ಕರಾರಿನಲ್ಲಿರಲಿ. ವಸತಿ ಪ್ರದೇಶದಲ್ಲಿ ಹಗಲಿನ ಶಬ್ದದ ಮಿತಿ 55 ಡೆಸಿಬೆಲ್ ಆಗಿರುವುದರಿಂದ, ದೊಡ್ಡ ಸ್ಪೀಕರ್ ಕೊಳ್ಳುವುದಕ್ಕಿಂತ ಕಿಟಕಿಗಳಿಗೆ ದಪ್ಪ ಪರದೆ ಹಾಕಿಸಲು ಅನುಮತಿ ಪಡೆಯುವುದು ಜಾಣತನ.

ಹಣವು ಸಭಾಪಾಲಕರ ಅಥವಾ ಖಜಾಂಚಿಯ ಸ್ವಂತ ಖಾತೆಯಲ್ಲಿ ಇರಬಾರದು. ಸಭೆಯು ಬಿಷಪರೊಬ್ಬರ ಆಡಳಿತ ಪ್ರಾಂತವಾದ ಯಾವುದಾದರೂ ಡಯಾಸಿಸ್‌ಗೆ ಸೇರಿದ್ದರೆ ಅದರ ನಿಯಮಗಳನ್ನು ಅನುಸರಿಸಬೇಕು. ಸ್ವತಂತ್ರವಾಗಿದ್ದರೆ ಟ್ರಸ್ಟ್ ರಚಿಸಬಹುದು, ಇಲ್ಲವೇ ಕನಿಷ್ಠ ಏಳು ಜನ ಸೇರಿ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘವಾಗಬಹುದು. ಆರು ತಿಂಗಳ ಬಾಡಿಗೆಯಷ್ಟು ಮೊತ್ತವನ್ನು ಪ್ರತ್ಯೇಕವಾಗಿ ಇರಿಸಿ, ನಿವೇಶನದ ನಿಧಿಯಿದ್ದರೆ ಅದನ್ನು ಬೇರೆ ಖಾತೆಯಲ್ಲೇ ಬೆಳೆಸಬೇಕು.

ಕಟ್ಟಡವಿಲ್ಲದ ಸಭೆಯನ್ನು ದಣಿಸುವುದು ಹಣಕ್ಕಿಂತ ಹೆಚ್ಚಾಗಿ ಭಾನುವಾರದ ಎತ್ತಿಡುವ ಕೆಲಸ. ಬೆಂಚು ಸರಿಸುವುದು, ಕಪ್ಪುಹಲಗೆಯ ಮೇಲಿನ ಗಣಿತದ ಲೆಕ್ಕ ಅಳಿಸದಂತೆ ಅದರ ಮುಂದೆ ಬಟ್ಟೆ ಇಳಿಬಿಡುವುದು, ಕೀಬೋರ್ಡಿನ ವೈರು ಎಳೆಯುವುದು, ಮುಗಿದ ಮೇಲೆ ಎಲ್ಲವನ್ನೂ ಇದ್ದಂತೆಯೇ ಇಡುವುದು ಸದಾ ಅದೇ ನಾಲ್ಕು ಯುವಕರ ಪಾಲಿಗೆ ಬೀಳುತ್ತದೆ. ಕುಟುಂಬಗಳ ಸರದಿ ಪಟ್ಟಿ ಮಾಡಿ, ಪ್ರಭುಭೋಜನದ ಬಟ್ಟಲು, ತಟ್ಟೆ, ಬಿಳಿ ಬಟ್ಟೆಗಳಿಗೆ ಒಂದು, ಕೀರ್ತನೆ ಪುಸ್ತಕಗಳಿಗೆ ಒಂದು ಎಂದು ಟ್ರಂಕುಗಳನ್ನು ಬೇರ್ಪಡಿಸಿ, ಮುಚ್ಚಳದ ಒಳಗೆ ಸಾಮಾನುಗಳ ಪಟ್ಟಿ ಅಂಟಿಸಬೇಕು. ಸಭಾಂಗಣದಲ್ಲಿ ಬೀಗವಿರುವ ಒಂದು ಬೀರು ದೊರೆತರೆ ಈ ಕೆಲಸದಲ್ಲಿ ಅರ್ಧ ಕಡಿಮೆಯಾಗುತ್ತದೆ. ವಾರದ ನಡುವಿನ ಪ್ರಾರ್ಥನಾ ಕೂಟಗಳನ್ನು ಬಡಾವಣೆವಾರು ಮನೆಗಳಲ್ಲಿ ನಡೆಸಿದರೆ, ಸಭಾಂಗಣ ಕೈತಪ್ಪಿದ ವಾರ ಜನರು ಎಲ್ಲಿಗೆ ಹೋಗಬೇಕೆಂಬುದು ಮೊದಲೇ ಗೊತ್ತಿರುತ್ತದೆ.

ದೀಕ್ಷಾಸ್ನಾನ, ಮದುವೆ, ಸಮಾಧಿಯ ದಾಖಲೆ ಪುಸ್ತಕಗಳು ಮಾತ್ರ ಟ್ರಂಕಿನಲ್ಲಿ ಅಲೆಯಬಾರದು. ಅವುಗಳಿಗೆ ಒಂದು ಖಾಯಂ ವಿಳಾಸ, ಒಬ್ಬ ಜವಾಬ್ದಾರ, ಸ್ಕ್ಯಾನ್ ಮಾಡಿದ ಪ್ರತಿ ಬೇಕು. 1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯ ಪ್ರಕಾರ ಅಧಿಕಾರ ಪಡೆದವರೇ ಮದುವೆ ನಡೆಸಬೇಕು, ಅದೂ ಸಾಮಾನ್ಯವಾಗಿ ಬೆಳಿಗ್ಗೆ 6ರಿಂದ ಸಂಜೆ 7ರೊಳಗೆ. ಸಂಜೆಯ ಛತ್ರ ಗೊತ್ತು ಮಾಡುವ ಮನೆಯವರಿಗೆ ಇದನ್ನು ಮೊದಲೇ ತಿಳಿಸಬೇಕು. ಸಮಾಧಿ ಸ್ಥಳದ ವಿಚಾರವನ್ನು ಸಾವು ಸಂಭವಿಸಿದ ದಿನಕ್ಕೆ ಬಿಡದೆ, ಹತ್ತಿರದ ಕ್ರೈಸ್ತ ಸ್ಮಶಾನದ ಆಡಳಿತದವರೊಂದಿಗೆ ಈಗಲೇ ಮಾತನಾಡಿ, ಯಾವ ಪತ್ರ ಬೇಕು, ಶುಲ್ಕವೆಷ್ಟು ಎಂಬುದನ್ನು ಬರೆಸಿಕೊಂಡು ಬರಬೇಕು.