ಸಾವಿ ಯಂತ್ರಕ್ಕೆ ಎಲಿವೇಟ್ ಅನುದಾನ: ಎರಡನೇ ಸಲ ಸಿಕ್ಕಿದ್ದು ಹೇಗೆ

ನಾನು ಸಾವಿ ಕಾಳಿನ ಹೊಟ್ಟು ಬಿಡಿಸೋ ಸಣ್ಣ ಯಂತ್ರ ಕಟ್ಟಿದವನು. ರಾಜ್ಯ ಸರ್ಕಾರ ಸ್ಟಾರ್ಟ್‌ಅಪ್‌ಗಳಿಗೆ ಕೊಡೋ ಎಲಿವೇಟ್ ಅನುದಾನಕ್ಕೆ ಎರಡು ಸಲ ಅರ್ಜಿ ಹಾಕಿದೆ. ಮೊದಲ ಸಲ 2022ರಲ್ಲಿ. ಆಯ್ಕೆ ಆಗಲಿಲ್ಲ. ಎರಡನೇ ಸಲ ಆಯಿತು. ನಡುವೆ ಯಂತ್ರದಲ್ಲಿ ಒಂದೆರಡು ಬದಲಾವಣೆ ಮಾಡಿದ್ದೆ, ಅಷ್ಟೇ. ದೊಡ್ಡ ವ್ಯತ್ಯಾಸ ಇದ್ದದ್ದು ಒಂದು ನೋಟ್‌ಬುಕ್‌ನಲ್ಲಿ. ನಮ್ಮ ಕಡೆಯ ಹುಡುಗರು, ಹುಡುಗಿಯರು "ಅಣ್ಣಾ, ಅರ್ಜಿಯಲ್ಲಿ ಏನು ಬರೀಬೇಕು" ಅಂತ ಕೇಳಿದಾಗೆಲ್ಲ ಆ ನೋಟ್‌ಬುಕ್ ತೆಗೆದು ತೋರಿಸುತ್ತೇನೆ. ಅದರ ಕಥೆಯನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮದು ಹಾವೇರಿ ಜಿಲ್ಲೆ. ಸಾಮೆ ಅನ್ನೋ ಸಿರಿಧಾನ್ಯಕ್ಕೆ ನಮ್ಮಲ್ಲಿ ಸಾವಿ ಅಂತಾರೆ. ರಾಗಿ, ಜೋಳ ಆದರೆ ನೇರ ಗಿರಣಿಗೆ ಒಯ್ದು ಹಿಟ್ಟು ಹಾಕಿಸಬಹುದು. ಸಾವಿ, ನವಣೆ, ಊದಲು, ಹಾರಕ, ಬರಗು, ಕೊರಲೆ ಹಾಗಲ್ಲ. ಇವುಗಳ ಕಾಳಿನ ಮೇಲೆ ಗಟ್ಟಿ ಹೊಟ್ಟು ಇರುತ್ತೆ. ಅದನ್ನು ಬಿಡಿಸಿದ ಮೇಲೇ ಅಕ್ಕಿ. ಸಾವಿ ಕಾಳಂತೂ ಎಳ್ಳಿಗಿಂತ ಚಿಕ್ಕದು. ನಮ್ಮ ಅಜ್ಜಿ ಒರಳಿಗೆ ಹಾಕಿ ಒನಕೆಯಿಂದ ಕುಟ್ಟಿ, ಮೊರದಲ್ಲಿ ಕೇರಿ, ಮತ್ತೆ ಕುಟ್ಟಿ, ಮತ್ತೆ ಕೇರುತ್ತಿದ್ದರು. ಎರಡು ಹೊತ್ತಿನ ಅನ್ನಕ್ಕೆ ಅರ್ಧ ದಿನ. ಊರಲ್ಲಿ ಸಾವಿ ಅನ್ನ ಕಡಿಮೆ ಆಗಿದ್ದಕ್ಕೆ ರುಚಿ ಕಾರಣ ಅಲ್ಲವೇ ಅಲ್ಲ, ಈ ಕುಟ್ಟೋ ಕೆಲಸ ಕಾರಣ.

ಆಮೇಲೆ ಸಿರಿಧಾನ್ಯಕ್ಕೆ ಮತ್ತೆ ಬೇಡಿಕೆ ಬಂತು. ರೈತ ಸಿರಿ ಯೋಜನೆಯಲ್ಲಿ ಬೆಳೆದವರಿಗೆ ಹೆಕ್ಟೇರ್‌ಗೆ 10,000 ರೂಪಾಯಿ ಪ್ರೋತ್ಸಾಹಧನ ಬಂತು. 2023 ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷ ಆಯಿತು. ಬೆಳೆಯೋದು ಜಾಸ್ತಿ ಆದರೂ ಹೊಟ್ಟು ಬಿಡಿಸೋ ಮಿಲ್ ಹತ್ತಿರ ಇರಲಿಲ್ಲ. ದೂರದ ಮಿಲ್‌ನವರು ಕ್ವಿಂಟಲ್‌ಗಟ್ಟಲೆ ತಂದರೆ ಮಾತ್ರ ಮೆಷಿನ್ ಹಾಕುತ್ತಿದ್ದರು. ಇಪ್ಪತ್ತು ಕೇಜಿ ಇಟ್ಟುಕೊಂಡ ಹೆಣ್ಣುಮಗಳು ಏನು ಮಾಡಬೇಕು? ಹೊಟ್ಟು ಸಮೇತ ಕಾಳನ್ನು ವ್ಯಾಪಾರಿಗೆ ಕೊಡುತ್ತಿದ್ದಳು. ಅದೇ ಕಾಳು ಅಕ್ಕಿಯಾಗಿ ಪೇಟೆಯಲ್ಲಿ ಎರಡು ಮೂರು ಪಟ್ಟು ಬೆಲೆಗೆ ಮಾರಾಟ ಆಗುತ್ತಿತ್ತು.

ನಾನು ಮೆಕ್ಯಾನಿಕಲ್ ಓದಿದವನು. ಹುಬ್ಬಳ್ಳಿ ಗೋಕುಲ ರಸ್ತೆಯ ಇಂಡಸ್ಟ್ರಿಯಲ್ ಎಸ್ಟೇಟ್‌ನ ಒಂದು ಲೇಥ್ ಅಂಗಡಿಯಲ್ಲಿ ಜಾಗ ಮಾಡಿಕೊಂಡು ಸಣ್ಣ ಯಂತ್ರ ಕಟ್ಟಿದೆ. ಕೆಲಸ ಮಾಡೋ ರೀತಿ ಸರಳ. ಕಾಳು ಸುರಿಯೋ ಹಾಪರ್‌ನಿಂದ ಬಿದ್ದ ಕಾಳನ್ನು ಇಂಪೆಲ್ಲರ್ ಅನ್ನೋ ತಿರುಗೋ ಚಕ್ರ ಜೋರಾಗಿ ಒಳಗಿನ ಗೋಡೆಗೆ ಎಸೆಯುತ್ತೆ. ಬಡಿತಕ್ಕೆ ಹೊಟ್ಟು ಒಡೆಯುತ್ತೆ. ಬ್ಲೋವರ್ ಹೊಟ್ಟನ್ನು ಎಳೆದುಕೊಳ್ಳುತ್ತೆ, ಅಕ್ಕಿ ಕೆಳಗೆ ಬೀಳುತ್ತೆ. ಮನೆಯ ಸಿಂಗಲ್ ಫೇಸ್ ಕರೆಂಟಿನಲ್ಲಿ ಓಡಬೇಕು ಅಂತ 2 ಎಚ್‌ಪಿ ಮೋಟರ್ ಹಾಕಿದ್ದೆ. ಇಂಥ ಯಂತ್ರ ಹೊಸದೇನೂ ಅಲ್ಲ. ಮಹಿಳಾ ಸಂಘದವರು ತಾವೇ ಓಡಿಸುವಷ್ಟು ಸಣ್ಣದು ಮಾಡಿದ್ದೇ ನನ್ನ ಕೆಲಸ.

ಮೊದಲ ಅರ್ಜಿಯಲ್ಲಿ ಇದನ್ನೆಲ್ಲ ಚೆನ್ನಾಗಿ ಬರೆದೆ. ಚಿತ್ರ ಹಾಕಿದೆ. ಇಂಪೆಲ್ಲರ್ ವೇಗ, ಗಂಟೆಗೆ ಎಷ್ಟು ಕೇಜಿ, ಎಲ್ಲ ಇತ್ತು. ಸಾಮಾಜಿಕ ಪ್ರಯೋಜನ ಅನ್ನೋ ಜಾಗದಲ್ಲಿ "ರಾಜ್ಯದ ಲಕ್ಷಾಂತರ ಸಣ್ಣ ರೈತರಿಗೆ ಲಾಭ" ಅಂತ ಒಂದು ಸಾಲು ಬರೆದಿದ್ದೆ. ತೀರ್ಪುಗಾರರ ಮುಂದೆ ಮಾತಾಡುವಾಗಲೂ ಅದನ್ನೇ ಹೇಳಿದೆ. ಅವರಲ್ಲಿ ಒಬ್ಬರು ಮೇಡಂ ಕೇಳಿದರು: "ಈ ಲಕ್ಷ ಜನರಲ್ಲಿ ಎಷ್ಟು ಜನರ ಹತ್ತಿರ ಮಾತಾಡಿದ್ದೀರಿ?"

ಹನ್ನೊಂದು ಜನ. ಅದನ್ನೇ ಹೇಳಿದೆ. ಅವರು ಮುಂದೆ ಇನ್ನೊಂದು ಕೇಳಿದರು: "ಯಂತ್ರ ಕೆಟ್ಟರೆ ಹಳ್ಳಿಯಲ್ಲಿ ಯಾರು ರಿಪೇರಿ ಮಾಡ್ತಾರೆ?" ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಆ ಎರಡು ಪ್ರಶ್ನೆಗೆ ನಾನು ಇವತ್ತಿಗೂ ಋಣಿ.

ಆ ವರ್ಷ ದೀಪಾವಳಿಯಿಂದ ಸಂಕ್ರಾಂತಿವರೆಗೆ ನಾನು ಹುಬ್ಬಳ್ಳಿಯಲ್ಲಿ ಇರಲಿಲ್ಲ. ಯಂತ್ರವನ್ನು ಟೆಂಪೋದಲ್ಲಿ ಹಾಕಿಕೊಂಡು ನಮ್ಮೂರ ಹತ್ತಿರದ ಒಂದು ಹಳ್ಳಿಗೆ ಹೋದೆ. ಸ್ವಸಹಾಯ ಸಂಘದ ಅಕ್ಕನ ಮನೆಯ ಪಡಸಾಲೆಯಲ್ಲಿ ಇಟ್ಟೆ. 200 ಪುಟದ ಒಂದು ನೋಟ್‌ಬುಕ್, ಒಂದು ತಕ್ಕಡಿ, ಮೂರು ಜರಡಿ. ಬೆಳಿಗ್ಗೆಯಿಂದ ಸಂಜೆವರೆಗೆ ಅಲ್ಲೇ.

ಮೊದಲ ದಿನ ಹತ್ತು ಕೇಜಿ ಸಾವಿ ಹಾಕಿದೆವು. ಅಕ್ಕ ಕೆಳಗೆ ಬಿದ್ದ ಅಕ್ಕಿಯಲ್ಲಿ ಒಂದು ಹಿಡಿ ಅಂಗೈಗೆ ತೆಗೆದುಕೊಂಡರು. ಮೆಲ್ಲಗೆ ಊದಿದರು. ಹೆಬ್ಬೆರಳಿನಿಂದ ಸವರಿ ಮೂರು ಗುಂಪು ಮಾಡಿದರು. ಒಂದು ಕಡೆ ಇಡೀ ಅಕ್ಕಿ, ಒಂದು ಕಡೆ ನುಚ್ಚು, ಇನ್ನೊಂದು ಕಡೆ ಹೊಟ್ಟು ಬಿಡದ ಕಾಳು. "ತಮ್ಮಾ, ಅಕ್ಕಿ ಚಲೋ ಬಂದೈತಿ. ಆದ್ರ ನುಚ್ಚು ಬಾಳ ಆಗೇತಿ. ಇದನ್ನ ಯಾರ ತಗೋತಾರ?" ಅಂದರು. ನಾನು ಲ್ಯಾಬ್‌ನಲ್ಲಿ ಹೊಟ್ಟು ಎಷ್ಟು ಬಿಟ್ಟಿದೆ ಅಂತ ಮಾತ್ರ ಅಳೆದಿದ್ದೆ. ಅವರಿಗೆ ಬೇಕಾಗಿದ್ದು ಇಡೀ ಅಕ್ಕಿ ಎಷ್ಟು ಬಂತು ಅನ್ನೋದು. ಮಾರೋದು ಅದನ್ನೇ ಅಲ್ವಾ?

ತೂಗಿದೆವು. ಹತ್ತು ಕೇಜಿಗೆ ಇಡೀ ಅಕ್ಕಿ 5.4 ಕೇಜಿ. ನುಚ್ಚು 1.2. ಹೊಟ್ಟು ಬಿಡದ ಕಾಳು 0.7. ಉಳಿದದ್ದು ಹೊಟ್ಟು, ಧೂಳು. ನೋಟ್‌ಬುಕ್‌ನ ಮೊದಲ ಪುಟದಲ್ಲಿ ಇದೇ ಇದೆ.

ಮುಂದಿನ ವಾರಗಳಲ್ಲಿ ನುಚ್ಚಿನ ಹಿಂದೆ ಬಿದ್ದೆವು. ಒಂದು ಕಾರಣ ಕಾಳು ಒಣಗಿದ ರೀತಿ ಅಂತ ಗೊತ್ತಾಯಿತು. ಜಾಸ್ತಿ ಒಣಗಿದರೆ ಪುಡಿ ಆಗುತ್ತೆ. ಹಸಿ ಇದ್ದರೆ ಹೊಟ್ಟು ಬಿಡೋದೇ ಇಲ್ಲ. ತೇವಾಂಶ 10ರಿಂದ 12 ಶೇಕಡಾ ಇದ್ದರೆ ಸರಿ. ಅದಕ್ಕೆ ನನ್ನ ಹತ್ತಿರ ಮೀಟರ್ ಇತ್ತು. ಅಕ್ಕನಿಗೆ ಮೀಟರ್ ಬೇಕಿರಲಿಲ್ಲ. ಎರಡು ಕಾಳು ಹಲ್ಲಿನ ನಡುವೆ ಇಟ್ಟು ಕಟ್ ಅನ್ನಿಸಿ "ಇನ್ನೊಂದು ದಿನ ಬಿಸಲಾಗ ಇಡ್ರಿ" ಅನ್ನುತ್ತಿದ್ದರು. ನಾನು ಪಕ್ಕದಲ್ಲಿ ಕೂತು ಮೀಟರ್ ನೋಡಿ ಬರೆದುಕೊಳ್ಳುತ್ತಿದ್ದೆ. ಹೆಚ್ಚು ಕಡಿಮೆ ಯಾವಾಗಲೂ ಅವರ ಮಾತು ಸರಿ ಇರುತ್ತಿತ್ತು. ಆಮೇಲೆ ನಾವು ಬೇರೆ ಹಳ್ಳಿಗಳಲ್ಲಿ ಕೊಟ್ಟ ತರಬೇತಿಯಲ್ಲಿ ಈ ಹಲ್ಲಿನ ಪರೀಕ್ಷೆಯೇ ಮೊದಲ ಪಾಠ.

ಇನ್ನೊಂದು ಕಾರಣ ಕರೆಂಟು. ಸಂಜೆ ವೋಲ್ಟೇಜ್ ಇಳಿದರೆ ಇಂಪೆಲ್ಲರ್ ವೇಗ ತಗ್ಗುತ್ತೆ, ಹೊಟ್ಟು ಬಿಡದ ಕಾಳು ಜಾಸ್ತಿ ಬರುತ್ತೆ. ಅದನ್ನು ಮತ್ತೆ ಹಾಕಿದರೆ ಆಗಲೇ ಬಿಟ್ಟಿದ್ದ ಅಕ್ಕಿಯೂ ನುಚ್ಚಾಗುತ್ತೆ. ಹಾಗಾಗಿ ಹೊಟ್ಟು ಬಿಡದ ಕಾಳನ್ನು ಮೊದಲು ಜರಡಿಯಲ್ಲಿ ಬೇರೆ ಮಾಡಿ, ಅದನ್ನಷ್ಟೇ ಎರಡನೇ ಸಲ ಹಾಕೋ ವ್ಯವಸ್ಥೆ ಮಾಡಿದೆ. ಗೋಡೆಯ ಒಳಗೆ ರಬ್ಬರ್ ಹಾಳೆ ಹಾಕಿದೆ. ಕೆಲಸವನ್ನು ಮಧ್ಯಾಹ್ನಕ್ಕೆ ಬದಲಾಯಿಸಿದೆವು. ಸಂಕ್ರಾಂತಿ ಹೊತ್ತಿಗೆ ಹತ್ತು ಕೇಜಿಗೆ ಇಡೀ ಅಕ್ಕಿ 6.3 ಕೇಜಿ ಬರೋಕೆ ಶುರು ಆಯಿತು. ನುಚ್ಚು ಅರ್ಧ ಕೇಜಿಗೆ ಇಳಿಯಿತು.

ಎರಡನೇ ಅರ್ಜಿ ಬರೆಯುವಾಗ ಲಕ್ಷ ರೈತರ ಸಾಲು ತೆಗೆದೆ. ಅದರ ಜಾಗದಲ್ಲಿ ಒಬ್ಬ ಹೆಣ್ಣುಮಗಳ ಇಪ್ಪತ್ತು ಕೇಜಿ ಸಾವಿಯ ಲೆಕ್ಕ ಬರೆದೆ. ಕಾಳನ್ನೇ ಮಾರಿದರೆ ಎಷ್ಟು, ಅಕ್ಕಿ ಮಾಡಿ ಮಾರಿದರೆ ಎಷ್ಟು, ಸಂಘಕ್ಕೆ ಕೊಡೋ ಕೂಲಿ ಎಷ್ಟು, ಉಳಿಯೋದು ಎಷ್ಟು, ಬಸ್ಸಿನ ಖರ್ಚು, ಸಮಯ ಎಷ್ಟು ಉಳಿಯಿತು. ಅದರ ಕೆಳಗೆ ಆ ಸುಗ್ಗಿಯಲ್ಲಿ ಯಂತ್ರ ಉಪಯೋಗಿಸಿದ 64 ಹೆಣ್ಣುಮಕ್ಕಳ ಪಟ್ಟಿ. ಯಂತ್ರ ಎಷ್ಟು ಸಲ ನಿಂತಿತು, ಯಾಕೆ ನಿಂತಿತು ಅಂತಲೂ ಬರೆದೆ. ಒಂಬತ್ತು ಸಲ ನಿಂತಿತ್ತು. ಏಳು ಸಲ ಬೆಲ್ಟ್, ಎರಡು ಸಲ ಕೆಪಾಸಿಟರ್. ಬೆಲ್ಟ್ ಹಾಕೋದನ್ನು ಸಂಘದ ಇಬ್ಬರು ಕಲಿತಿದ್ದರು. ಕೆಪಾಸಿಟರ್ ಊರಿನ ಪಂಪ್‌ಸೆಟ್ ರಿಪೇರಿಯವರೇ ಬದಲಾಯಿಸಿಕೊಟ್ಟಿದ್ದರು. ಕೆಟ್ಟ ಸಂಗತಿ ಬರೆದರೆ ಅಂಕ ಕಡಿಮೆ ಆಗುತ್ತೆ ಅಂತ ಸ್ನೇಹಿತರು ಹೆದರಿಸಿದ್ದರು. ಆದರೆ ಈ ಸಲ ತೀರ್ಪುಗಾರರು ಜಾಸ್ತಿ ಹೊತ್ತು ಮಾತಾಡಿದ್ದು ಆ ಒಂಬತ್ತು ಸಲದ ಬಗ್ಗೆಯೇ.

ಕಾಗದಪತ್ರದ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಒಬ್ಬರೇ ಮಾಲೀಕರಾಗಿರೋ ಪ್ರೊಪ್ರೈಟರ್‌ಶಿಪ್‌ನಲ್ಲಿ ಇದ್ದರೆ ಸ್ಟಾರ್ಟ್‌ಅಪ್ ಮಾನ್ಯತೆ ಸಿಗಲ್ಲ. ಪ್ರೈವೇಟ್ ಲಿಮಿಟೆಡ್, ಎಲ್‌ಎಲ್‌ಪಿ (ಸೀಮಿತ ಹೊಣೆಯ ಪಾಲುದಾರಿಕೆ) ಅಥವಾ ನೋಂದಾಯಿತ ಪಾಲುದಾರಿಕೆ ಬೇಕು. ನಾನು ಇದನ್ನು ತಡವಾಗಿ ತಿಳಿದುಕೊಂಡೆ, ಕಂಪನಿ ಮಾಡಿಸೋಕೆ ಸಮಯ ಹಿಡಿಯಿತು. ನೀವು ಮೊದಲೇ ಮಾಡಿಸಿಕೊಳ್ಳಿ. ಕರ್ನಾಟಕ ಸ್ಟಾರ್ಟ್‌ಅಪ್ ಸೆಲ್‌ನಲ್ಲಿ ಹೆಸರು ನೋಂದಾಯಿಸಿ. ಪೇಟೆಂಟ್ ಯೋಚನೆ ಇದ್ದರೆ ಮಾನ್ಯತೆ ಪಡೆದ ಸ್ಟಾರ್ಟ್‌ಅಪ್‌ಗಳಿಗೆ ಶುಲ್ಕದಲ್ಲಿ 80 ಶೇಕಡಾ ರಿಯಾಯಿತಿ ಇದೆ.

ಎಲಿವೇಟ್ ಶುರು ಆಗಿದ್ದು 2017ರಲ್ಲಿ, ಎಲಿವೇಟ್ 100 ಅನ್ನೋ ಹೆಸರಿನಲ್ಲಿ. 50 ಲಕ್ಷದವರೆಗೆ ಅನುದಾನ ಇದೆ. ಇದು ಸಾಲ ಅಲ್ಲ, ಕಂಪನಿಯಲ್ಲಿ ಷೇರೂ ಕೇಳಲ್ಲ. ನಮ್ಮಂಥ ಹಳ್ಳಿ ಕೆಲಸಕ್ಕೆ ಇದು ಬಹಳ ದೊಡ್ಡ ಮಾತು. ಹೂಡಿಕೆದಾರರಿಗೆ ಬೇಕಾದ ವೇಗದಲ್ಲಿ ಸಾವಿ ಯಂತ್ರದ ವ್ಯವಹಾರ ಬೆಳೆಯಲ್ಲ. ಒಂದು ಸುಗ್ಗಿ ಮುಗಿದರೆ ಮುಂದಿನ ಸುಗ್ಗಿವರೆಗೆ ಕಾಯಬೇಕು. ಅಂಥ ಕೆಲಸಕ್ಕೆ ತಾಳ್ಮೆ ಇರೋ ದುಡ್ಡು ಬೇಕು. ಸರ್ಕಾರ ಇಂಥದ್ದಕ್ಕೆ ದುಡ್ಡು ಹಾಕೋದು ಸರಿ ಅಂತ ನಾನು ಗಟ್ಟಿಯಾಗಿ ನಂಬಿದ್ದೇನೆ.

ಎಲಿವೇಟ್ ಒಂದೇ ದಾರಿ ಅಂತಲೂ ಅಂದುಕೊಳ್ಳಬೇಡಿ. ಕೃಷಿಗೆ ಸಂಬಂಧಪಟ್ಟ ಐಡಿಯಾ ಇದ್ದರೆ ಕೇಂದ್ರದ ರಾಷ್ಟ್ರೀಯ ಕೃಷಿ ವಿಕಾಸ ಯೋಜನೆಯಲ್ಲಿ (ಆರ್‌ಕೆವಿವೈ) ಸ್ಟಾರ್ಟ್‌ಅಪ್‌ಗಳಿಗೆ ಸಹಾಯಧನ ಇದೆ, ಮೊದಲು ಇದನ್ನು ರಫ್ತಾರ್ ಅನ್ನುತ್ತಿದ್ದರು. ಶುರುವಿನ ಹಂತಕ್ಕೆ 5 ಲಕ್ಷದವರೆಗೆ, ಮುಂದಿನ ಹಂತಕ್ಕೆ 25 ಲಕ್ಷದವರೆಗೆ ಕೊಡೋ ವ್ಯವಸ್ಥೆ ಅದು. ಧಾರವಾಡ ಕೃಷಿ ವಿಶ್ವವಿದ್ಯಾಲಯದಲ್ಲಿ ಇದರ ಕೇಂದ್ರ ಇದೆ. ಮಾದರಿ ಯಂತ್ರ ಕಟ್ಟೋಕೆ ಮಾತ್ರ ದುಡ್ಡು ಬೇಕಿದ್ದರೆ ಕೇಂದ್ರದ್ದೇ ಇನ್ನೊಂದು ಯೋಜನೆ ನಿಧಿ ಪ್ರಯಾಸ್‌ನಲ್ಲಿ 10 ಲಕ್ಷದವರೆಗೆ ಸಿಗುತ್ತೆ. ಹೊಸ ಕಂಪನಿಗಳಿಗೆ ಆಸರೆ ಕೊಡೋ ದೇಶಪಾಂಡೆ ಸ್ಟಾರ್ಟ್‌ಅಪ್ಸ್ ಹುಬ್ಬಳ್ಳಿಯಲ್ಲೇ ಇದೆ. ಬೆಂಗಳೂರಿಗೆ ಹೋಗದೇ ಕೆಲಸ ಶುರು ಮಾಡಬಹುದು.

ಒಂದು ವಿಷಯ ಮಾತ್ರ ನನಗೆ ಮೊದಲೇ ಯಾರಾದರೂ ಒತ್ತಿ ಹೇಳಬೇಕಿತ್ತು. ಆಯ್ಕೆ ಆದ ದಿನ ದುಡ್ಡು ಬರಲ್ಲ. ಅನುದಾನ ಕಂತಿನಲ್ಲಿ ಬರುತ್ತೆ. ಒಂದು ಹಂತದ ಕೆಲಸ ಮುಗಿಸಿ, ಖರ್ಚಿನ ಲೆಕ್ಕವನ್ನು ಸಿಎ ಅವರಿಂದ ದೃಢೀಕರಿಸಿ ಕೊಟ್ಟ ಮೇಲೆ ಮುಂದಿನದು. ನಮಗೆ ಮಂಜೂರಾದದ್ದು 20 ಲಕ್ಷ. ಆ ಖುಷಿಯಲ್ಲಿ ನಾನು ಆರು ಯಂತ್ರಕ್ಕೆ ಆಗುವಷ್ಟು ಶೀಟು, ಮೋಟರ್ ಉದ್ರಿಯಲ್ಲಿ ತಂದೆ. ಎರಡನೇ ಕಂತು ಬರುವ ಹೊತ್ತಿಗೆ ಅಂಗಡಿಯವರು ದಿನಾ ಫೋನ್ ಮಾಡುತ್ತಿದ್ದರು. ನನ್ನ ಹೆಂಡತಿಯ ಬಳೆ ಅಡವಿಟ್ಟು ತೀರಿಸಿದೆ. ಬಳೆ ಬಿಡಿಸಿಕೊಂಡಿದ್ದೇವೆ, ಆದರೆ ಆ ಎರಡು ತಿಂಗಳು ಅವಳು ಪಟ್ಟ ಕಷ್ಟ ನನಗೆ ಗೊತ್ತು. ಕನಿಷ್ಠ ಮೂರು ತಿಂಗಳ ಖರ್ಚು ಕೈಯಲ್ಲಿ ಇಟ್ಟುಕೊಂಡೇ ಕೆಲಸಕ್ಕೆ ಕೈ ಹಾಕಿ. ಪ್ರತಿ ಬಿಲ್ಲೂ ಕಂಪನಿ ಹೆಸರಿನಲ್ಲೇ ಇರಲಿ. ಸುಮ್ನೆ ಚೀಟಿಯಲ್ಲಿ ಬರೆಸಿಕೊಂಡು ಬಂದರೆ ಅದು ಲೆಕ್ಕಕ್ಕೆ ಬರಲ್ಲ.

ಈಗ ಏಳು ಹಳ್ಳಿಯಲ್ಲಿ ಯಂತ್ರ ಓಡುತ್ತಿದೆ. ಪ್ರತಿ ಯಂತ್ರದ ಪಕ್ಕ ಒಂದು ನೋಟ್‌ಬುಕ್ ನೇತು ಹಾಕಿದ್ದೇವೆ. ಬರೆಯೋದು ಸಂಘದವರೇ. ಅಕ್ಕಿಯನ್ನು ಒಂದೊಂದೇ ಕೇಜಿ ಪ್ಯಾಕ್ ಮಾಡುತ್ತಾರೆ. ತವುಡು ಉಳಿಸಿಕೊಂಡ ಸಾವಿ ಅಕ್ಕಿ ಜಾಸ್ತಿ ದಿನ ಇಟ್ಟರೆ ಕಮಟು ವಾಸನೆ ಬರುತ್ತೆ, ಅದಕ್ಕೆ ಆರ್ಡರ್ ಬಂದಷ್ಟೇ ಮಾಡೋ ಪದ್ಧತಿ ಇಟ್ಟುಕೊಂಡಿದ್ದಾರೆ.

ಕಳೆದ ಸುಗ್ಗಿಯಲ್ಲಿ ಒಬ್ಬರು ತುಮಕೂರು ಕಡೆಯ ನೆಂಟರಿಂದ ಒಂದು ಚೀಲ ಕೊರಲೆ ತಂದರು. ಅದರ ಹೊಟ್ಟು ಬಹಳ ಗಟ್ಟಿ. ನಮ್ಮ ಯಂತ್ರದಲ್ಲಿ ಮೂರು ಸಲ ಹಾಕಿದರೂ ಅರ್ಧದಷ್ಟು ಕಾಳು ಹಾಗೇ ಬಂತು. ಅಕ್ಕ ಅಂಗೈ ಮೇಲೆ ಹರಡಿ ನೋಡಿ, "ಇದಕ್ಕ ಬ್ಯಾರೆ ಏನಾರ ಮಾಡಬೇಕ ತಮ್ಮಾ" ಅಂದರು. ಗೋಕುಲ ರಸ್ತೆಯ ಅಂಗಡಿಯಲ್ಲಿ ಈಗ ಅದಕ್ಕೇ ಹೊಸ ಇಂಪೆಲ್ಲರ್ ಕಡೆಯುತ್ತಿದ್ದೇವೆ. ದೀಪಾವಳಿ ಹೊತ್ತಿಗೆ ಅದನ್ನೂ ಅದೇ ಪಡಸಾಲೆಗೆ ಒಯ್ಯುತ್ತೇನೆ.