ಹಿತ್ತಲಿನ ಕೊಳಕ್ಕೆ ದಡವೇ ಜೀವ

ಮನೆಯ ಕೊಳ ಎಂದರೆ ಬಹಳ ಮಂದಿ ಮಾಡಿಸುವುದು ಸಿಮೆಂಟ್ ತೊಟ್ಟಿ. ಸುತ್ತ ಒಂದೇ ಅಳತೆಯ ಗುಂಡುಕಲ್ಲಿನ ಸಾಲು, ನಡುವೆ ಪ್ಲಾಸ್ಟಿಕ್ ಕೊಕ್ಕರೆ. ಮೈಸೂರಿನ ನಮ್ಮ ಹಿತ್ತಲಲ್ಲಿ ನಾನು ಮೊದಲು ಮಾಡಿಸಿದ್ದೂ ಅಂಥದ್ದೇ. ನೋಡಿದ ನೆಂಟರೊಬ್ಬರು ‘ಇದು ದನಕ್ಕೆ ನೀರಿಡೋಕಾ?’ ಎಂದರು. ಅದನ್ನು ಒಡೆಸಿದ ಮೇಲೆ ಒಂದು ಬೆಳಿಗ್ಗೆ ಲಿಂಗಾಂಬುಧಿ ಕೆರೆಗೆ ಹೋಗಿ ಬರೀ ದಡ ನೋಡುತ್ತ ನಡೆದೆ. ನೆಲ ಎಲ್ಲಿ ಮುಗಿಯಿತು, ನೀರು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸುವಂತಿರಲಿಲ್ಲ. ಹುಲ್ಲು, ಕೆಸರು, ಜೊಂಡು, ಆಮೇಲೆ ನೀರು. ಹಿತ್ತಲಿಗೆ ತರಬೇಕಾದದ್ದು ಈ ಗೆರೆಯಿಲ್ಲದ ದಡವನ್ನೇ.

ಜಾಗ ಮತ್ತು ಅಗೆತ

ದಿನಕ್ಕೆ ಐದಾರು ಗಂಟೆ ಬಿಸಿಲು ಬೀಳದಿದ್ದರೆ ತಾವರೆ, ನೈದಿಲೆ ಹೂಬಿಡುವುದಿಲ್ಲ. ಮರದ ಬುಡವಂತೂ ಬೇಡ: ಎಲೆ ಉದುರಿ ತಳದಲ್ಲಿ ಕೊಳೆಯುತ್ತದೆ, ಬೇರು ಕೊಳದ ತಳಕ್ಕೆ ಹಾಸುವ ಪ್ಲಾಸ್ಟಿಕ್ ಹಾಳೆಯನ್ನು ತೂತು ಮಾಡುತ್ತದೆ. ತೋಟದ ಪೈಪನ್ನು ನೆಲದ ಮೇಲೆ ಅಂಕುಡೊಂಕಾಗಿ ಹರಡಿ, ಜಗಲಿಯಲ್ಲಿ ಕೂತು ನೋಡಿ, ಕಣ್ಣಿಗೆ ಒಪ್ಪಿದ ಮೇಲೆ ಸುಣ್ಣದ ಗೆರೆ ಎಳೆಯಿರಿ.

ನಡುವೆ ಎರಡು ಅಡಿಯಾದರೂ ಆಳ ಬೇಕು. ಅದಕ್ಕಿಂತ ಕಡಿಮೆಯಾದರೆ ಏಪ್ರಿಲ್ ಬಿಸಿಲಿಗೆ ನೀರು ಕಾಯ್ದು ಮೀನು ಉಳಿಯುವುದು ಕಷ್ಟ. ಅಂಚಿನಲ್ಲಿ ಒಂದು ಅಡಿ ಅಗಲ, ಮುಕ್ಕಾಲು ಅಡಿ ಆಳದ ಮೆಟ್ಟಿಲು ಬಿಡಿ, ಗಿಡಗಳಿಗೆ. ಒಂದು ಕಡೆ ಮಾತ್ರ ಮೆಟ್ಟಿಲು ಬೇಡ, ನಿಧಾನಕ್ಕೆ ಇಳಿಯುವ ಇಳಿಜಾರು ಇರಲಿ. ಹಕ್ಕಿ ಸ್ನಾನಕ್ಕಿಳಿಯುವುದು, ಬಿದ್ದ ಅಳಿಲು ಹತ್ತಿ ಬರುವುದು ಅಲ್ಲಿಂದಲೇ. ಗಾರೆಯವರು ಬಳಸುವ ನೀರಿನ ಟ್ಯೂಬ್ ಹಿಡಿದು ಸುತ್ತಲಿನ ಅಂಚು ಒಂದೇ ಮಟ್ಟದಲ್ಲಿದೆಯೇ ನೋಡಿ. ಒಂದು ಬದಿ ಎರಡು ಇಂಚು ಏರಿದರೂ ಸಾಕು, ಅಲ್ಲಿ ಹಾಳೆ ಕಾಣಿಸುತ್ತಲೇ ಇರುತ್ತದೆ. ಮನೆಯಲ್ಲಿ ಪುಟ್ಟ ಮಕ್ಕಳಿದ್ದರೆ ನೀರಿನ ಮಟ್ಟಕ್ಕೆ ತುಸು ಕೆಳಗೆ ಗಟ್ಟಿ ಜಾಲರಿ ಕೂರಿಸದೆ ಮುಂದುವರಿಯಬೇಡಿ.

ಹಾಳೆ

ಜೇಡಿಮಣ್ಣು ತುಳಿದು ಕೊಳ ಮಾಡುವುದು ನೋಡಲು ಚೆಂದ, ಆದರೆ ಬೇಸಿಗೆಯಲ್ಲಿ ನೀರಿಳಿದರೆ ಬಿರುಕು ಬಿಡುತ್ತದೆ. ಸಿಮೆಂಟಿನದಾದರೆ ಸುಣ್ಣದಂಶ ನೀರಿಗಿಳಿಯುವುದರಿಂದ ಹಲವು ಸಲ ತುಂಬಿಸಿ ಚೆಲ್ಲದೆ ಮೀನು ಬಿಡುವಂತಿಲ್ಲ. ಕೃಷಿಹೊಂಡಕ್ಕೆ ಹಾಸುವ 500 ಮೈಕ್ರಾನ್ ದಪ್ಪದ ಹಾಳೆಯೇ ವಾಸಿ. ಸಾಮಾನ್ಯ ನೀಲಿ ಟಾರ್ಪಾಲ್ ಬಿಸಿಲಿಗೆ ಬೇಗ ಪುಡಿಯಾಗುತ್ತದೆ.

ಲೆಕ್ಕ ಸುಲಭ. ಉದ್ದಕ್ಕೆ ಆಳದ ಎರಡರಷ್ಟು ಸೇರಿಸಿ, ಅಂಚಿಗೆ ಇನ್ನೆರಡು ಅಡಿ ಕೂಡಿಸಿ, ಅಗಲಕ್ಕೂ ಹಾಗೆಯೇ. 10 ಅಡಿ ಉದ್ದ, 6 ಅಡಿ ಅಗಲ, 2 ಅಡಿ ಆಳದ ಕೊಳಕ್ಕೆ 16 ಅಡಿಗೆ 12 ಅಡಿ. ಗುಂಡಿಯಲ್ಲಿನ ಚೂಪು ಕಲ್ಲು ಆರಿಸಿ, ಎರಡಿಂಚು ಮರಳು ಹಾಕಿ, ಹಳೆ ಗೋಣಿಚೀಲ ಹಾಸಿ, ಅದರ ಮೇಲೆ ಹಾಳೆ ಬಿಡಿ. ಬಿಗಿಯಾಗಿ ಎಳೆಯಬೇಡಿ, ತುಂಬುತ್ತ ಹೋದಂತೆ ನೀರಿನ ಭಾರವೇ ಕೂರಿಸುತ್ತದೆ.

ದಡ ಕಟ್ಟುವುದು

ಇಲ್ಲಿ ಅವಸರ ಮಾಡಬೇಡಿ. ಹಾಳೆಯ ತುದಿಯನ್ನು ನೆಲಕ್ಕೆ ಮಡಚಿ ಮಣ್ಣು ಮುಚ್ಚಿದರೆ, ದೀಪದ ಬತ್ತಿ ಎಣ್ಣೆ ಹೀರಿದಂತೆ ಆ ಮಣ್ಣೂ ಹುಲ್ಲಿನ ಬೇರೂ ಕೊಳದ ನೀರನ್ನು ಹೊರಗೆಳೆಯುತ್ತವೆ. ಎಲ್ಲೋ ತೂತಾಗಿದೆ ಎಂದು ನಾನು ಹದಿನೈದು ದಿನ ಹುಡುಕಿದ್ದು ಇದೇ ಕಾರಣಕ್ಕೆ. ಮೆಟ್ಟಿಲ ಮೇಲೆ ಕಲ್ಲಿಟ್ಟು, ಹಾಳೆಯನ್ನು ಕಲ್ಲಿನ ಹಿಂದಿನಿಂದ ನೆಟ್ಟಗೆ ಮೇಲೆತ್ತಿ, ನೀರಿನ ಮಟ್ಟಕ್ಕಿಂತ ಮೂರು ಇಂಚು ಎತ್ತರದಲ್ಲಿ ನಿಲ್ಲಿಸಿ ಕತ್ತರಿಸಿ. ಮುಂದೆ ಕಲ್ಲು, ಹಿಂದೆ ಮಣ್ಣು, ನಡುವೆ ಹಾಳೆ. ಹೊರಗೆ ಕಾಣುವುದು ಕಲ್ಲು, ಗಿಡ ಮಾತ್ರ.

ಕಲ್ಲನ್ನು ಸುತ್ತಲೂ ಸರದಂತೆ ಜೋಡಿಸಬೇಡಿ. ದೊಡ್ಡದೊಂದು, ಪಕ್ಕದಲ್ಲಿ ಸಣ್ಣವು ಎರಡು, ಆಮೇಲೆ ಕಲ್ಲೇ ಇಲ್ಲದ ಜಾಗ. ಮೂರನೇ ಒಂದು ಭಾಗ ಹೂತಿರಲಿ.

ನೀರು, ಗಿಡ, ಮೀನು

ನಲ್ಲಿ ನೀರಾದರೆ ಕ್ಲೋರಿನ್ ಹೋಗಲು ಎರಡು ಮೂರು ದಿನ ಬಿಡಿ. ಮಳೆ ನೀರಿಗಿಂತ ಒಳ್ಳೆಯದಿಲ್ಲ. ತಾವರೆಯನ್ನು ಅಗಲ ಕುಂಡದಲ್ಲಿ ಜೇಡಿಮಣ್ಣಿಗೆ ನೆಟ್ಟು, ಮೇಲೆ ಜಲ್ಲಿ ಹರಡಿ ಇಳಿಸಿ. ಮೆಟ್ಟಿಲಿಗೆ ಬಜೆ, ಕೆಸು. ಒದ್ದೆ ಅಂಚಿಗೆ ಒಂದೆಲಗ, ತಂಬುಳಿಗೂ ಆಯಿತು. ನೀರೊಳಗೆ ವ್ಯಾಲಿಸ್ನೇರಿಯಾದಂಥ, ಮುಳುಗಿಯೇ ಬೆಳೆಯುವ ಗಿಡ ಬೇಕು. ನೇರಳೆ ಹೂವಿಗೆ ಮರುಳಾಗಿ ಕೆರೆಗಳನ್ನು ಮುಚ್ಚುವ ವಾಟರ್ ಹಯಸಿಂತ್ ಕಳೆಯನ್ನು ತಂದು ಬಿಡಬೇಡಿ. ಜೊಂಡೂ ಬೇಡ, ಅದರ ಚೂಪು ಬೇರು ಹಾಳೆಯನ್ನು ಬಿಡುವುದಿಲ್ಲ.

ಸೊಳ್ಳೆಗೆ ಮೀನೇ ಮದ್ದು. ಗ್ಯಾಂಬೂಸಿಯಾ, ಗಪ್ಪಿ ಎರಡೂ ಅಮೆರಿಕ ಖಂಡದವು. ಅವನ್ನು ಸಾಕಿದರೆ ಹೆಚ್ಚಾದ ಮರಿಗಳನ್ನು ಕೆರೆಗೆ ಸುರಿಯಬೇಡಿ. ತಲೆಯ ಮೇಲೆ ಹೊಳೆವ ಚುಕ್ಕೆಯಿರುವ ನಮ್ಮದೇ ಪ್ಯಾಂಚಾಕ್ಸ್ ಮೀನು ಸಿಕ್ಕಿದರೆ ಅದೇ ಸರಿ. ಏರೋಪ್ಲೇನ್ ಚಿಟ್ಟೆಯ ಮರಿಗಳೂ ನೀರಲ್ಲಿ ಸೊಳ್ಳೆಮರಿ ತಿಂದೇ ಬೆಳೆಯುತ್ತವೆ. ಕೋಯ್ ಮೀನು ಗಿಡಗಳನ್ನೆಲ್ಲ ಕೆದಕುತ್ತದೆ, ಅದಕ್ಕೆ ಫಿಲ್ಟರ್ ಬೇರೆ ಬೇಕು.

ಆಮೇಲಿನ ಕೆಲಸ

ಮೊದಲ ಕೆಲವು ವಾರ ನೀರು ಹಸಿರಾಗುತ್ತದೆ. ಗಾಬರಿಯಿಂದ ಪೂರ್ತಿ ಚೆಲ್ಲಿ ಹೊಸ ನೀರು ತುಂಬಿದರೆ ಪಾಚಿ ಮತ್ತೆ ಮೊದಲಿಂದ ಶುರು. ತಾವರೆ ಎಲೆ ಅರ್ಧಕ್ಕಿಂತ ಹೆಚ್ಚು ನೀರನ್ನು ಮುಚ್ಚುವವರೆಗೆ ಕಾಯಿರಿ. ಮೀನಿಗೆ ತಿಂಡಿ ಹಾಕುವ ಚಪಲ ಬಿಡಿ, ಉಳಿದದ್ದೆಲ್ಲ ಪಾಚಿಗೆ ಗೊಬ್ಬರ. ಬೇಸಿಗೆಯಲ್ಲಿ ದಿನಕ್ಕೆ ಅರ್ಧ ಸೆಂಟಿಮೀಟರ್‌ನಷ್ಟು ನೀರು ಆರುವುದು ಸಹಜ, ಸಂಜೆ ಸ್ವಲ್ಪ ಸ್ವಲ್ಪವೇ ತುಂಬಿಸಿ. ಮಳೆಗಾಲಕ್ಕೆ ಒಂದು ಕಡೆ ಅಂಚು ತಗ್ಗಿಸಿ ಕೋಡಿ ಬಿಡಿ. ನಮ್ಮದು ಬಾಳೆಯ ಬುಡಕ್ಕೆ ಹರಿಯುತ್ತದೆ.

ಕಪ್ಪೆಗಳನ್ನು ಯಾರೂ ತರಬೇಕಿಲ್ಲ. ಜೂನ್ ಮಳೆ ಬಿದ್ದ ಮೇಲೆ ತಾವೇ ಬಂದು ರಾತ್ರಿಯಿಡೀ ವಟಗುಟ್ಟುತ್ತವೆ. ಮಲಗುವ ಕೋಣೆಯ ಕಿಟಕಿಯ ಕೆಳಗೆ ಕೊಳ ತೋಡಬೇಡಿ ಎಂದು ಜಾಗದ ಮಾತು ಬಂದಾಗಲೇ ಹೇಳಬೇಕಿತ್ತು.